ಬರಲಿರುವ ಮಗು



ಈ ಸೋಮವಾರದ ಶಿವಾನುಭವಕ್ಕೆ ನಾವು ದತ್ತಕದ ವಿಷಯವನ್ನು ಎತ್ತಿಕೊಂಡಿದ್ದೇವೆ. ದತ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಹೊಲ, ಮನೆ, ಗೌಡಕಿ, ವತನ. ಅದಕ್ಕೆ ಕಾರಣವೂ ಉಂಟು. ನಮ್ಮ ಕಿತ್ತೂರಿನ ಕಥೆಯನ್ನೇ ನೋಡಿರಿ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡ. ಸಂಸ್ಥಾನದವರು ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ಮಾಡಿಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಮುಂದೆ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಏನಾಯಿತು, ಥ್ಯಾಕರೆಯ ಗತಿ ಏನಾಯಿತು ಎಂಬುದನ್ನು ನಿಮ್ಮ ಮನೆಯ ಕೂಸುಗಳೂ ಹೇಳಬಲ್ಲವು. ರಾಣಿ ಚೆನ್ನಮ್ಮನ ಶೌರ್ಯವನ್ನು ನಾವೆಲ್ಲ ಹಾಡುತ್ತೇವೆ. ಆ ಹುಡುಗನನ್ನು ನೆನೆಯುವವರು ಮಾತ್ರ ಕಡಿಮೆ. ಏಕೆಂದರೆ ಆ ಕಾಲದ ದತ್ತಕ ಗದ್ದುಗೆಗಾಗಿ, ಮನೆತನದ ಹೆಸರಿಗಾಗಿ ಇತ್ತು. ಗಂಡುಮಗುವೇ ಆಗಬೇಕಿತ್ತು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿದ್ದು 1956ರಲ್ಲಿ.

ಈಗಿನ ದತ್ತಕದ ದಾರಿಯೇ ಬೇರೆ. ಮಗುವಿಲ್ಲದವರಿಗೆ ಮಗು ಹುಡುಕುವುದಲ್ಲ, ಮನೆಯಿಲ್ಲದ ಮಗುವಿಗೆ ಮನೆ ಹುಡುಕುವುದು. ಈ ತಿರುವು ತಾನಾಗಿ ಬಂದದ್ದಲ್ಲ. ಮೊದಲು ಪರದೇಶದವರು 1890ರ ಪಾಲಕರ ಕಾಯ್ದೆಯಂತೆ ನ್ಯಾಯಾಲಯದಿಂದ ಪಾಲಕರೆನಿಸಿಕೊಂಡು, ಮಗುವನ್ನು ತಮ್ಮ ದೇಶಕ್ಕೆ ಕರೆದೊಯ್ದು, ಅಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಒಳ್ಳೆಯವರೂ ಇದ್ದರು, ಮಕ್ಕಳನ್ನು ಸರಕಿನಂತೆ ಸಾಗಿಸಿದವರೂ ಇದ್ದರು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಈ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ತಿಳಿದು ನ್ಯಾಯಮೂರ್ತಿ ಭಗವತಿಯವರು 1984ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟರು. ಮೊದಲು ಮಗುವಿಗೆ ನಮ್ಮ ದೇಶದಲ್ಲಿಯೇ ತಂದೆತಾಯಿ ಸಿಗುತ್ತಾರೆಯೇ ನೋಡಬೇಕು, ಸಿಗದಿದ್ದರೆ ಹೊರಗೆ, ಅದೂ ಪೂರ್ತಿ ವಿಚಾರಣೆಯಾದ ಮೇಲೆ ಎಂದು ವಿಧಿಸಿದರು. 1990ರಲ್ಲಿ ಇದಕ್ಕಾಗಿ ಕೇಂದ್ರದ ಪ್ರಾಧಿಕಾರ ಬಂತು. ಜನ ಅದನ್ನು ‘ಕಾರಾ’ ಎನ್ನುತ್ತಾರೆ. 1993ರಲ್ಲಿ ಹೇಗ್ ನಗರದಲ್ಲಿ ದೇಶದೇಶಗಳ ನಡುವೆ ಒಪ್ಪಂದವಾಯಿತು. ನಮ್ಮ ದೇಶ 2003ರಲ್ಲಿ ಅದಕ್ಕೆ ಸೇರಿತು, ಅಮೇರಿಕಾ 2008ರಲ್ಲಿ. ಕಾಯ್ದೆಯ ಮಾತು ಇಷ್ಟು ಸಾಕು.

ನಮ್ಮ ಮಠದ ಭಕ್ತರ ಒಂದು ಮನೆತನವಿದೆ. ಹೆಸರು ಬೇಡ. ಆ ಮನೆಯ ಮಗ ಅಮೇರಿಕಾದ ಓಹಾಯೋ ಪ್ರಾಂತ್ಯದಲ್ಲಿ ಇಂಜಿನಿಯರು; ಸೊಸೆ ಅಲ್ಲಿ ಶಾಲೆಯಲ್ಲಿ ಕಲಿಸುತ್ತಾಳೆ. ಇಬ್ಬರೂ ಅಲ್ಲಿಯ ಪೌರರಾಗಿದ್ದಾರೆ. ಒಂಬತ್ತು ವರ್ಷದ ಒಬ್ಬ ಮಗಳಿದ್ದಾಳೆ. ಎರಡನೆಯ ಮಗುವನ್ನು ನಮ್ಮ ದೇಶದಿಂದ ದತ್ತು ತೆಗೆದುಕೊಳ್ಳಬೇಕೆಂದು ಅವರು ನಿಶ್ಚಯಿಸಿ ಹೆಸರು ನೋಂದಾಯಿಸಿದರು. ಅದಾಗಿ ಮೂರು ವರ್ಷ ಮೀರಿದೆ. ಅವರ ಒಪ್ಪಿಗೆಯಿಂದಲೇ ಈ ಮಾತು ಹೇಳುತ್ತಿದ್ದೇವೆ.

ಕಾಯುವುದೆಂದರೆ ಸುಮ್ಮನೆ ಕೂಡುವುದೆಂದು ನೀವು ತಿಳಿದಿರಬಹುದು. ಆ ಮನೆಯವರು ಒಂದು ದಿನವೂ ಸುಮ್ಮನೆ ಕೂತಿಲ್ಲ. ಅಲ್ಲಿಯ ಸಂಸ್ಥೆಯ ಸಮಾಜಸೇವಕಿ ಮನೆಗೆ ಬಂದು ಎಲ್ಲವನ್ನೂ ನೋಡಿ ವರದಿ ಬರೆಯಬೇಕು. ಗಂಡಹೆಂಡಿರ ಆರೋಗ್ಯ, ಸಂಬಳ, ಸಾಲ, ಪೊಲೀಸರ ದಾಖಲೆ, ಮನೆಯಲ್ಲಿ ಬೆಂಕಿ ಹತ್ತಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ, ಎಲ್ಲ ಉಂಟು. ಜನವರಿಯ ಚಳಿಯಲ್ಲಿ ಅವರ ಮನೆ ಬಿಸಿಮಾಡುವ ಯಂತ್ರ ಕೆಟ್ಟಿತು. ಕೊಳಾಯಿಯ ನೀರು ಹೆಪ್ಪುಗಟ್ಟಿ ಪೈಪು ಒಡೆಯಿತು. ಒಡೆದದ್ದು ಎಲ್ಲಿ? ಬರುವ ಮಗುವಿಗೆಂದು ಬಣ್ಣ ಬಳಿದು ಇಟ್ಟಿದ್ದ ಕೋಣೆಯಲ್ಲಿ. ಸಮಾಜಸೇವಕಿ ಬರುವ ಮೂರು ದಿನ ಮೊದಲು! ಗೋಡೆ ಒಣಗುವವರೆಗೆ ಆಕೆಯ ಭೇಟಿ ಮುಂದಕ್ಕೆ ಹೋಯಿತು.

ಅದು ಮುಗಿಯಿತೆನ್ನುವಷ್ಟರಲ್ಲಿ ಗಂಡನ ಕೆಲಸ ಹೋಯಿತು. ಐದು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತು, ಆದರೆ ಆದಾಯ ಬದಲಾಯಿತೆಂದು ವರದಿಯನ್ನು ತಿದ್ದಿ ಬರೆಯಬೇಕಾಯಿತು. ಅಲ್ಲಿಯ ಸರ್ಕಾರ ತೆಗೆದುಕೊಳ್ಳುವ ಬೆರಳಚ್ಚಿಗೆ ಹದಿನೈದು ತಿಂಗಳ ಅವಧಿ. ಅವಧಿ ಮುಗಿಯಿತು, ಮತ್ತೆ ಬೆರಳು ಒತ್ತಿದರು. ನಡುವೆ ಇಲ್ಲಿ ಆತನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆತ ಓಡಿ ಬಂದ. ದತ್ತಕದ ಖರ್ಚಿಗೆಂದು ಕೂಡಿಟ್ಟಿದ್ದ ಹಣ ವಿಮಾನಕ್ಕೂ ಆಸ್ಪತ್ರೆಗೂ ಹೋಯಿತು.

ಇನ್ನು ಹೆಸರಿನ ಫಜೀತಿ. ಇದನ್ನು ಕೇಳಿ ನೀವು ನಗಬಹುದು, ಆದರೆ ಪರದೇಶಕ್ಕೆ ಮಕ್ಕಳನ್ನು ಕಳಿಸಿದವರು ನಗಲಾರಿರಿ. ಆತನ ಶಾಲೆಯ ದಾಖಲೆಯಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಒಂದೊಂದು ಅಕ್ಷರವಾಗಿ ಮುಂದೆ ನಿಂತಿವೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಅಡ್ಡಹೆಸರಾಯಿತು. ಮದುವೆಯ ನೋಂದಣಿಯಲ್ಲಿ ಮನೆತನದ ಹೆಸರು ಬಂತು. ಮೂರು ಕಾಗದ, ಮೂವರು ಮನುಷ್ಯರು! ಈ ಮೂವರೂ ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಲು ಹಿರಿಯರೊಬ್ಬರು ತಹಶೀಲ್ದಾರರ ಕಚೇರಿಗೆ ಎಷ್ಟು ಸಲ ಅಲೆದರೆಂಬುದನ್ನು ಅವರೇ ಹೇಳಬೇಕು. ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಇಷ್ಟಾದ ಮೇಲೆ ಒಂದು ದಿನ ಆ ಸೊಸೆ ನಮಗೆ ಬರೆದಳು: ‘ಪೂಜ್ಯರೆ, ದೊಡ್ಡ ಕಷ್ಟ ಬಂದಿದ್ದರೆ ಗಟ್ಟಿಯಾಗಿ ನಿಲ್ಲುತ್ತಿದ್ದೆ. ಈ ಸಣ್ಣ ಸಣ್ಣವು ನನ್ನನ್ನು ಅರೆದು ಹಾಕುತ್ತಿವೆ. ದೇವರು ಬೇಡವೆನ್ನುತ್ತಿದ್ದಾನೆಯೇ?’

ನಾವು ಬರೆದ ಉತ್ತರ ಹೀಗಿತ್ತು: ಪೈಪು ಒಡೆದದ್ದು ಚಳಿಗೆ. ಅದರಲ್ಲಿ ದೇವರ ಸಂದೇಶ ಹುಡುಕಬೇಡ. ಒಕ್ಕಲಿಗನು ಬಿತ್ತಿದ ಮೇಲೆ ನೇಗಿಲಿನ ಕುಳ ಮುರಿದರೆ, ಎತ್ತು ಕುಂಟಿದರೆ, ಶಿವನಿಗೆ ನನ್ನ ಬೆಳೆ ಬೇಡವಾಯಿತು ಎನ್ನುತ್ತಾನೆಯೇ? ಕುಳ ತಟ್ಟಿಸಿಕೊಂಡು ಬರುತ್ತಾನೆ. ನಮ್ಮ ಶರಣರು ಕಾಯಕವೆಂದು ಹೇಳಿದ್ದರಲ್ಲಿ ಬೆರಳಚ್ಚು ಒತ್ತುವುದೂ ಸೇರುತ್ತದೆಯೆಂದು ನಾವು ತಿಳಿದಿದ್ದೇವೆ.

ಆಗ ಕೆಲವು ಹಿತೈಷಿಗಳು ನಮ್ಮಲ್ಲಿಗೆ ಬಂದರು. ‘ಮಠಕ್ಕೆ ಮಂತ್ರಿಗಳು ಬರುತ್ತಾರೆ, ಡೆಲ್ಲಿಗೆ ಒಂದು ಮಾತು ಹೇಳಿಸಿ’ ಎಂದರು. ನಾವು ಹೇಳಲಿಲ್ಲ. ಆ ಪಾಳಿಯಲ್ಲಿ ನಮ್ಮವರ ಮುಂದೆ ನಿಂತವರೂ ಯಾರದೋ ಮಗ, ಯಾರದೋ ಸೊಸೆ. ಮಠದ ಮಾತಿನಿಂದ ನಮ್ಮವರು ಒಂದು ಹೆಜ್ಜೆ ಮುಂದೆ ಹೋದರೆ ಕಾಣದ ಒಬ್ಬ ತಾಯಿ ಒಂದು ಹೆಜ್ಜೆ ಹಿಂದೆ ಬೀಳುತ್ತಾಳೆ. ಇನ್ನೊಬ್ಬರು ಇನ್ನೂ ಮುಂದೆ ಹೋಗಿ, ಯಾವುದೋ ಊರಿನ ಆಸ್ಪತ್ರೆಯಲ್ಲಿ ಇಂತಿಷ್ಟು ಲಕ್ಷ ಕೊಟ್ಟರೆ ಎಂಟು ದಿನದಲ್ಲಿ ಹಾಲುಗೂಸು ಸಿಗುತ್ತದೆಂದು ಸುದ್ದಿ ತಂದರು. ಬಂಧುಗಳೆ, ಇದನ್ನು ಬಿಚ್ಚಿ ಹೇಳಬೇಕಾಗಿದೆ. ಅದು ದತ್ತಕವಲ್ಲ, ಕೂಸಿನ ವ್ಯಾಪಾರ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಮೇಲೆ ಲಕ್ಷ ರೂಪಾಯಿ ದಂಡ; ಆಸ್ಪತ್ರೆಯವರು ಮಾರಿದರೆ ಮೂರರಿಂದ ಏಳು ವರ್ಷ. ಶಿಕ್ಷೆಯ ಮಾತು ಬಿಡಿರಿ. ಆ ಕೂಸಿನ ತಾಯಿಗೆ ಏನು ಹೇಳಿ ಅದನ್ನು ಕಸಿದುಕೊಂಡಿರುತ್ತಾರೆ? ಕೂಸು ಸತ್ತಿತೆಂದು ಹೇಳಿರುವುದಿಲ್ಲವೆಂದು ನೀವು ಬಲ್ಲಿರಾ?

ನೀವು ಬೈಯುವ ಆ ವಿಳಂಬದ ಒಳಗೆ ಏನಿದೆ ನೋಡಿರಿ. ಒಂದು ಮಗು ಬಸ್‌ ಸ್ಟ್ಯಾಂಡಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಸಿಕ್ಕಿತೆನ್ನಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನು ಒಯ್ಯಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಹೆತ್ತವರನ್ನು ಹುಡುಕುತ್ತಾರೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು ಈ ಹುಡುಕಾಟಕ್ಕೆ ಅವಕಾಶ. ತಾಯಿಯೇ ತಂದು ಒಪ್ಪಿಸಿದ್ದರೆ, ಮನಸ್ಸು ತಿರುಗಿ ಹಿಂದಕ್ಕೆ ಕೇಳಲು ಆಕೆಗೆ ಅರವತ್ತು ದಿನ. ಓಹಾಯೋದಲ್ಲಿ ಒಬ್ಬ ತಾಯಿ ಲೆಕ್ಕ ಹಾಕುವ ಆ ಅರವತ್ತು ದಿನ ಇಲ್ಲಿ ಇನ್ನೊಬ್ಬ ತಾಯಿಯ ಕೊನೆಯ ಅರವತ್ತು ದಿನ. ಈ ದಿನಗಳನ್ನು ಕಡಿಮೆ ಮಾಡಿಸಿರೆಂದು ನಾವು ಯಾವ ಬಾಯಿಂದ ಕೇಳೋಣ? ನಮ್ಮ ಮಠದ ಬಾಗಿಲಿಗೇ ಯಾರಾದರೂ ಕೂಸನ್ನು ಬಿಟ್ಟು ಹೋದರೂ ಇದೇ ನಿಯಮ. ಸ್ವಾಮಿಗಳು ಎತ್ತಿ ಬೇಕಾದವರ ಉಡಿಯಲ್ಲಿ ಹಾಕುವಂತಿಲ್ಲ. 1098ಕ್ಕೆ ಫೋನು ಮಾಡಬೇಕು. ಈ ಸಂಖ್ಯೆಯನ್ನು ನಿಮ್ಮ ಮನೆಯಲ್ಲಿಯೂ ಬರೆದಿಟ್ಟುಕೊಳ್ಳಿರಿ.

ಹಾಗೆಂದು ಎಲ್ಲ ವಿಳಂಬವೂ ಪುಣ್ಯದ ವಿಳಂಬವೆಂದು ನಾವು ಹೇಳುವುದಿಲ್ಲ. ಕಡತ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವುದೂ ಉಂಟು. ಅಲ್ಲಿ ಮಗು ಒಂದೊಂದು ತಿಂಗಳೂ ದೊಡ್ಡದಾಗುತ್ತಿರುತ್ತದೆ. ದೇಶಗಳು ಬಾಗಿಲು ಮುಚ್ಚುವುದೂ ಉಂಟು. ರಷ್ಯಾ 2013ರಿಂದ ಅಮೇರಿಕಾದವರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿತು. ಇಥಿಯೋಪಿಯಾ 2018ರಲ್ಲಿ ಪರದೇಶದವರಿಗೆಲ್ಲ ನಿಲ್ಲಿಸಿತು. ಚೀನಾ ದೇಶ 2024ರ ಸೆಪ್ಟೆಂಬರಿನಲ್ಲಿ ರಕ್ತಸಂಬಂಧಿಗಳ ಹೊರತು ಬೇರೆ ಪರದೇಶದವರಿಗೆ ಕೊಡುವುದಿಲ್ಲವೆಂದಿತು. ಫೋಟೋ ಬಂದು, ಹೆಸರಿಟ್ಟು, ತೊಟ್ಟಿಲೋ ಹಾಸಿಗೆಯೋ ಸಿದ್ಧಮಾಡಿ ಕಾದಿದ್ದ ಎಷ್ಟೋ ಮನೆಗಳು ಹಾಗೆಯೇ ಉಳಿದವು. ಇದನ್ನು ಓದಿದ ರಾತ್ರಿ ನಮ್ಮ ಸೊಸೆ ನಿದ್ರೆ ಮಾಡಲಿಲ್ಲವಂತೆ.

ಇನ್ನು ಆ ಮನೆಯ ಹಿರಿಯ ತಾಯಿಯ ಮಾತು. ಸೊಂಟ ಮುರಿದುಕೊಂಡವರು ಅವರೇ. ಮೊದಲು ಅವರ ತಕರಾರು ಹಾಲುಗೂಸು ಏಕಲ್ಲ ಎಂಬುದು. ನಿಯಮವಿದೆ: ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿ 85 ಮೀರಬಾರದು. ಆತನಿಗೆ 46, ಆಕೆಗೆ 42, ಕೂಡಿದರೆ 88. ಆದ್ದರಿಂದ ಎರಡರಿಂದ ನಾಲ್ಕು ವರ್ಷದ ಮಗು. ಲೆಕ್ಕ ತಿಳಿದ ಮೇಲೆ ಸುಮ್ಮನಾದರು. ಎರಡನೆಯ ಪ್ರಶ್ನೆಯನ್ನು ಎಲ್ಲರೂ ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದರು: ‘ಅಜ್ಜಾರ, ಕೂಸು ಯಾವ ಮಂದೀದೋ ಏನೋ. ನಾಳೆ ಅದಕ್ಕ ಲಿಂಗ ಕಟ್ಟಾಕ ಬರತೈತೇನ್ರಿ?’

ಈ ಪ್ರಶ್ನೆ ಆ ತಾಯಿಯೊಬ್ಬರದೇ ಅಲ್ಲ. ನಿಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿದೆ, ಅದಕ್ಕೇ ಬಹಿರಂಗವಾಗಿ ಉತ್ತರಿಸುತ್ತೇವೆ. ನಾವು ಯಾರ ಮಕ್ಕಳು? ಹನ್ನೊಂದು ವರ್ಷದವರಾಗಿ ಈ ಮಠಕ್ಕೆ ಮರಿಯಾಗಿ ಬಂದವರು. ಹೆತ್ತ ತಾಯಿ ನಮ್ಮ ಕೈಯನ್ನು ಹಿರಿಯ ಗುರುಗಳ ಕೈಯಲ್ಲಿಟ್ಟು ತಿರುಗಿ ನೋಡದೆ ಹೋದರು. ಆ ದಿನದಿಂದ ನಾವು ಗುರುವಿನ ಕರಕಮಲದಲ್ಲಿ ಹುಟ್ಟಿದವರು. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟಿನ ನಿಯಮ ಸಡಿಲವಾದಾಗ, ಸನ್ಯಾಸಿಗಳು ಹೆತ್ತವರ ಜಾಗದಲ್ಲಿ ಗುರುವಿನ ಹೆಸರು ಬರೆಯಬಹುದೆಂದು ಸರ್ಕಾರವೂ ಒಪ್ಪಿತು. ಕೈಬದಲಾಗಿ ಬಂದ ಮಗುವಿನ ಪಾದಕ್ಕೆ ದಿನವೂ ಹಣೆ ಹಚ್ಚುವ ನೀವು, ಇನ್ನೊಂದು ಕೈಬದಲಾದ ಮಗುವಿನ ಮೂಲ ಕೇಳುವುದು ಯಾವ ನ್ಯಾಯ? ಬಸವಣ್ಣನವರು ಮಾದಾರ ಚೆನ್ನಯ್ಯನವರನ್ನು ತಮ್ಮ ಹಿರಿಯರೆಂದು ಹೆಮ್ಮೆಯಿಂದ ಹೇಳಿಕೊಂಡವರು. ಆ ಮಗು ಬಂದ ದಿನ ಲಿಂಗಧಾರಣೆಯನ್ನು ನಾವೇ ಮಾಡುತ್ತೇವೆ. ಇದರ ಮೇಲೆ ಯಾರಿಗಾದರೂ ಮಾತಿದ್ದರೆ ನಮ್ಮೊಡನೆ ಆಡಬೇಕು, ಆ ಸೊಸೆಯೊಡನೆ ಅಲ್ಲ.

ಈಗಿನ ಸುದ್ದಿ ಹೇಳುತ್ತೇವೆ. ಹೋದ ತಿಂಗಳು ಫೋಟೋ ಬಂತು. ಮೂರು ವರ್ಷದ ಹೆಣ್ಣುಮಗು, ಮಹಾರಾಷ್ಟ್ರದ ಒಂದು ಶಿಶುಗೃಹದಲ್ಲಿದೆ. ಮಗ, ಸೊಸೆ ಒಪ್ಪಿ ರುಜು ಹಾಕಿದ್ದಾರೆ. ಕಾರಾದ ನಿರಾಕ್ಷೇಪಣಾ ಪತ್ರ ಆಗಬೇಕು, ಆಮೇಲೆ ಜಿಲ್ಲಾ ದಂಡಾಧಿಕಾರಿಗಳ ಆದೇಶ (2022ರವರೆಗೆ ಇದು ನ್ಯಾಯಾಲಯದ ಕೆಲಸವಾಗಿತ್ತು), ಆಮೇಲೆ ಪಾಸ್‌ಪೋರ್ಟು, ವೀಸಾ. ಮಗು ಹೋದ ಮೇಲೂ ಎರಡು ವರ್ಷ ಅಲ್ಲಿಂದ ಅದರ ಯೋಗಕ್ಷೇಮದ ವರದಿ ಬರುತ್ತಿರಬೇಕು. ಫೋಟೋವನ್ನು ಹೊರಗಿನವರಿಗೆ ತೋರಿಸಬಾರದೆಂದು ಕಟ್ಟುನಿಟ್ಟು. ಹಿರಿಯ ತಾಯಿ ಮೊನ್ನೆ ಸೆರಗಿನ ಮರೆಯಲ್ಲಿ ಫೋನು ಹಿಡಿದು ನಮ್ಮ ಮುಂದೆ ಚಾಚಿದರು. ನಾವು ಕಣ್ಣು ಮುಚ್ಚಿಕೊಂಡೆವು. ‘ಮೂಗು ಥೇಟ್ ನನ್ನ ಮಗನ ಮೂಗ ಐತ್ರಿ ಅಜ್ಜಾರ’ ಎಂದು ಬಾಯಲ್ಲೇ ತೋರಿಸಿಬಿಟ್ಟರು.

ಆ ಮಗುವಿಗೆ ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ಓಹಾಯೋದವರಿಗೆ ಮರಾಠಿ ಬಾರದು. ಈ ತಾಯಿ ಗಡಿಯ ಊರಿನ ಮಗಳು, ಮರಾಠಿ ಬಲ್ಲವರು. ಇಲ್ಲಿ ಬೆಳಿಗ್ಗೆ ಆರೂವರೆ, ಅಲ್ಲಿ ಹಿಂದಿನ ದಿನದ ರಾತ್ರಿ. ಆ ಹೊತ್ತಿಗೆ ಫೋನಿನಲ್ಲಿ ಪಾಠ ನಡೆಯುತ್ತದೆ. ಹಸಿವೆಯಾಯಿತೇ, ನೀರು ಬೇಕೇ, ಹೆದರಬೇಡ, ಇಲ್ಲಿಯೇ ಇದ್ದೇನೆ: ಈ ನಾಲ್ಕು ಮಾತು ಮೊದಲು. ಸೊಸೆಗೆ ಬಾಯಿ ತಿರುಗುವುದಿಲ್ಲವಂತೆ, ಒಂಬತ್ತು ವರ್ಷದ ಮೊಮ್ಮಗಳು ಅವಳಿಗಿಂತ ಚೆನ್ನಾಗಿ ಹೇಳುತ್ತಾಳಂತೆ. ‘ಭೂಕ ಲಾಗ್ಲಿ ಕಾ’ ಎಂಬುದನ್ನು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಾಳಂತೆ. ನಿಮ್ಮಲ್ಲಿ ಮರಾಠಿ ಬಲ್ಲ ತಾಯಂದಿರು ಎಳೆಯ ಮಕ್ಕಳನ್ನು ಮಲಗಿಸುವ ಒಂದೆರಡು ಹಾಡು ಗೊತ್ತಿದ್ದರೆ ಪ್ರಸಾದವಾದ ಮೇಲೆ ಅವರಿಗೆ ಹೇಳಿಕೊಡಿರಿ. ಅವರಿಗೆ ಬರುವುದು ಒಂದೇ, ಅದೂ ಅರ್ಧ ಮರೆತಿದೆಯಂತೆ.