ಆಕ್ಟೋಪಸ್ ಹೇಳಿದ ಹಿಮದ ಹಳೇ ಕಥೆ

ಅಂಟಾರ್ಕ್ಟಿಕಾ ಸುತ್ತಲಿನ ಸಮುದ್ರದ ತಳದಲ್ಲಿ ಟರ್ಕೆಟ್ ಆಕ್ಟೋಪಸ್ ಅಂತ ಒಂದು ಜೀವಿ ಇದೆ. ಇದರ ಮರಿಗಳು ನೀರಲ್ಲಿ ತೇಲಿಕೊಂಡು ದೂರ ಹೋಗೋದಿಲ್ಲ, ತಳದಲ್ಲೇ ತೆವಳುತ್ತವೆ. ಹಾಗಾಗಿ ದೂರದ ಗುಂಪುಗಳು ಬೆರೆಯೋದು ಕಷ್ಟ.

ಈಗ ನಕ್ಷೆಯನ್ನು ಕಣ್ಮುಂದೆ ತಂದುಕೊಳ್ಳಿ. ಒಂದು ಕಡೆ ವೆಡೆಲ್ ಸಮುದ್ರ, ಇನ್ನೊಂದು ಕಡೆ ರಾಸ್ ಸಮುದ್ರ. ನಡುವೆ ಪಶ್ಚಿಮ ಅಂಟಾರ್ಕ್ಟಿಕಾದ ಭಾರೀ ಹಿಮದ ಹೊದಿಕೆ. ಆದರೆ 2023ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 96 ಆಕ್ಟೋಪಸ್‌ಗಳ ಡಿಎನ್‌ಎ ಹೋಲಿಸಿ, ಈ ಎರಡೂ ಕಡೆಯವು ಹಿಂದೊಮ್ಮೆ ಬೆರೆತಿದ್ದವು ಅಂತ ತೋರಿಸಿತು.

ಹೇಗೆ ಸಾಧ್ಯ? ನಡುವಿನ ಹಿಮ ಕುಸಿದು ಅಲ್ಲಿ ಸಮುದ್ರದ ದಾರಿ ತೆರೆದಿರಬೇಕು ಅಂತಾರೆ ವಿಜ್ಞಾನಿಗಳು. ಅದು ಸುಮಾರು 1,25,000 ವರ್ಷ ಹಿಂದಿನ ಮಾತು. ಆಗ ಭೂಮಿಯ ತಾಪಮಾನ ಕೈಗಾರಿಕಾ ಯುಗದ ಮೊದಲಿಗಿಂತ 0.5ರಿಂದ 1.5 ಡಿಗ್ರಿಯಷ್ಟೇ ಹೆಚ್ಚಿತ್ತು. ಸಮುದ್ರ ಮಟ್ಟ ಮಾತ್ರ ಇವತ್ತಿಗಿಂತ 5ರಿಂದ 10 ಮೀಟರ್ ಮೇಲಿತ್ತು.

ಇದು ಯಾಕೆ ಮುಖ್ಯ ಅಂದ್ರೆ, ನಾವೀಗ ಅಷ್ಟೇ ಬಿಸಿಗೆ ಬಂದು ನಿಂತಿದ್ದೇವೆ. ಆ ಹಿಮ ಪೂರ್ತಿ ಕುಸಿದರೆ ಸಮುದ್ರ 3 ಮೀಟರ್‌ಗೂ ಹೆಚ್ಚು ಏರುತ್ತೆ. ನಾಳೆಯೇ ಅಲ್ಲ, ಶತಮಾನಗಳಲ್ಲಿ. ಆದರೆ ಒಮ್ಮೆ ಶುರುವಾದರೆ ತಡೆಯೋದು ಬಹಳ ಕಷ್ಟ.