ಹಾಡಲಾರದ ವಾದ್ಯದ ಹಾಡು

ಹಾರ್ಪ್ಸಿಕಾರ್ಡ್ ಎಂಬ ವಾದ್ಯವನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ವಿರಳ. ನೋಡುವುದಕ್ಕೆ ಪಿಯಾನೋವಿನ ಹಿರಿಯಕ್ಕನಂತಿದೆ. ಗುಣ ಮಾತ್ರ ಬೇರೆ. ಪಿಯಾನೋದಲ್ಲಿ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ; ಇಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಮೊನೆಯೊಂದು ತಂತಿಯನ್ನು ಮೀಟಿ ಸರಿಯುತ್ತದೆ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದದ ಗಾತ್ರ ಹೆಚ್ಚುಕಡಿಮೆ ಒಂದೇ. ನಮ್ಮ ವೈಣಿಕರಂತೆ ತಂತಿಯನ್ನೆಳೆದು ಗಮಕವನ್ನು ತೋರುವಂತೆಯೂ ಇಲ್ಲ. ಹಾಗಾದರೆ ಇಂಥ ವಾದ್ಯದಲ್ಲಿ ಭಾವವು ಹುಟ್ಟುವುದಾದರೂ ಎಲ್ಲಿಂದ? ಈ ಪ್ರಶ್ನೆಗೆ ನಾನೊಮ್ಮೆ ತಪ್ಪು ಉತ್ತರವನ್ನು ಕೊಟ್ಟೆ. ಅದನ್ನು ಒಪ್ಪಿಕೊಳ್ಳುವ ಸಲುವಾಗಿಯೇ ಈ ಹೊತ್ತಿನ ಮಾತು.

ಸುಮಾರು ನಲವತ್ತು ವರ್ಷಗಳ ಹಿಂದಿನ ಸಂಗತಿ. ನಾನು ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಇಂಗ್ಲಿಷ್ ವಿಭಾಗದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಕ್ಯಾಸೆಟ್ಟನ್ನು ಕೈಗಿತ್ತು, "ಇದನ್ನು ಕೇಳಿ, ಏನನ್ನಿಸಿತು ಹೇಳ್ರೀ" ಎಂದರು. ಅದರಲ್ಲಿದ್ದುದು ಡೊಮೆನಿಕೊ ಸ್ಕಾರ್ಲಾಟ್ಟಿಯ ಒಂದು ಸೊನಾಟಾ. ವಿದ್ವಾಂಸ ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಸಿದ್ಧಪಡಿಸಿದ ಪಟ್ಟಿಯಲ್ಲಿ ಅದರ ಸಂಖ್ಯೆ 490. ಶ್ರುತಿ ಡಿ ಮೇಜರ್. ನುಡಿಸಿದವರು ವಾಂಡಾ ಲಾಂಡೋವ್‌ಸ್ಕಾ.

ಸ್ಕಾರ್ಲಾಟ್ಟಿ ಹುಟ್ಟಿದ್ದು 1685ರಲ್ಲಿ, ನೇಪಲ್ಸ್ ನಗರದಲ್ಲಿ. ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ ವರ್ಷವೂ ಅದೇ. ಪೋರ್ಚುಗಲ್ಲಿನ ರಾಜಕುಮಾರಿ ಮರಿಯಾ ಬಾರ್ಬರಾಳಿಗೆ ಈತ ಸಂಗೀತಗುರು. ಆಕೆ 1729ರಲ್ಲಿ ಸ್ಪೇನಿನ ಯುವರಾಜನ ಕೈಹಿಡಿದಾಗ ಗುರುವೂ ಶಿಷ್ಯೆಯನ್ನು ಹಿಂಬಾಲಿಸಿದ. ಮೊದಲು ಸೆವಿಲ್, ಬಳಿಕ ಮ್ಯಾಡ್ರಿಡ್. 1757ರಲ್ಲಿ ಅಲ್ಲಿಯೇ ತೀರಿಕೊಂಡ. ಒಟ್ಟು 555 ಸೊನಾಟಾಗಳು ಈತನವು. ಅವುಗಳಲ್ಲಿ ಹೆಚ್ಚಿನವು ಎರಡು ಭಾಗಗಳಾಗಿ ಒಡೆಯುವ ಕಿರುಕೃತಿಗಳು. ಮೊದಲ ಭಾಗವು ಆಧಾರ ಶ್ರುತಿಯಿಂದ ಹೊರಟು ಬೇರೊಂದು ಶ್ರುತಿಯನ್ನು ಸೇರುತ್ತದೆ. ಎರಡನೆಯದು ಅಲೆದಾಡಿ ಮನೆಗೆ ಮರಳುತ್ತದೆ.

ನಾನು ಕ್ಯಾಸೆಟ್ಟನ್ನು ಕೇಳಿದೆ. ಮೇಜರ್ ಎಂದರೆ ನಮ್ಮ ಧೀರಶಂಕರಾಭರಣದ ಸ್ವರಗಳೇ. ಆದ್ದರಿಂದ ಇದು ಹರ್ಷದ ಸಂಗೀತವೆಂದು ಮನಸ್ಸು ಮೊದಲೇ ತೀರ್ಮಾನಿಸಿತು. ನಗಾರಿಯಂಥ ಪೆಟ್ಟುಗಳು, ಥಟ್ಟನೆ ಮೇಲೇರುವ ಸ್ವರಗಳ ಸಾಲು. ಮಾರನೆಯ ದಿನ ಅಧ್ಯಾಪಕರ ಕೊಠಡಿಯಲ್ಲಿ, "ಅರಮನೆಯ ಮದುವೆಯ ದಿಬ್ಬಣ" ಎಂದು ಬಹು ಧೈರ್ಯದಿಂದ ಹೇಳಿಬಿಟ್ಟೆ. ಅವರು ನಕ್ಕು, "ಇನ್ನೊಮ್ಮೆ ಕೇಳಿ ನೋಡ್ರೀ. ಮೆರವಣಿಗೆ ನಿಜ, ಆದರೆ ಮದುವೆಯದಲ್ಲ" ಎಂದರು. ನಾನು ಒಪ್ಪಲಿಲ್ಲ. ಕಾವ್ಯಮೀಮಾಂಸೆಯನ್ನು ಓದಿಕೊಂಡವನೆಂಬ ಹಮ್ಮು ಆಗ ಸಾಕಷ್ಟಿತ್ತು. ವಾದ ಅಲ್ಲಿಗೇ ನಿಂತಿತು.

ಹಲವು ವರ್ಷಗಳ ಬಳಿಕ ನನ್ನ ಮಗ ಅದೇ ವಾದನದ ಸಿ.ಡಿ.ಯೊಂದನ್ನು ತಂದುಕೊಟ್ಟ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ, ಆಕೆ ವೀಣೆ ನುಡಿಸುವವಳು, ಶ್ರುತಿಪೆಟ್ಟಿಗೆಯನ್ನು ಹಿಡಿದುಕೊಂಡೇ ಹೊರಗೆ ಬಂದಳು. "ಇದು ಎರಡು ಮನೆ ಶ್ರುತಿ. ನಿಮ್ಮ ಕ್ಯಾಸೆಟ್ ಎರಡೂವರೆ ಮನೆಯಲ್ಲಿತ್ತಲ್ಲ!" ಕ್ಯಾಸೆಟ್ಟನ್ನು ಹುಡುಕಿ ಹಾಕಿದೆವು. ಆಕೆ ಹೇಳಿದ್ದು ನಿಜ. ನಮ್ಮ ಟೇಪ್ ರೆಕಾರ್ಡರು ಇಷ್ಟು ಕಾಲವೂ ವೇಗವಾಗಿ ಓಡುತ್ತಿತ್ತು. ಮುದ್ರಿಕೆಯ ವೇಗವು ನೂರಕ್ಕೆ ಆರರಷ್ಟು ಏರಿದರೆ ಸಾಕು, ಶ್ರುತಿ ಅರ್ಧ ಮನೆ ಏರುತ್ತದೆ. ಜೊತೆಗೆ ನಡೆಯೂ ಅವಸರಕ್ಕೆ ಬೀಳುತ್ತದೆ. ಸ್ನೇಹಿತರ ಯಂತ್ರ ಸರಿಯಾಗಿತ್ತು. ನಾವಿಬ್ಬರೂ ಒಂದೇ ಕೃತಿಯನ್ನು ಕೇಳಿರಲಿಲ್ಲ.

ಆರು ಪಾಲು ಅತ್ಯಲ್ಪವೆನ್ನಬಹುದು. ನನ್ನ ವಯಸ್ಸೂ ಕಿವಿಯನ್ನು ಬದಲಿಸಿತ್ತೆಂಬುದನ್ನು ಅಲ್ಲಗಳೆಯಲಾರೆ. ಆದರೂ ಸರಿಯಾದ ನಡೆಯಲ್ಲಿ ಆ ಪೆಟ್ಟುಗಳ ನಡುವಣ ಮೌನಕ್ಕೆ ತೂಕ ಬಂದಿತ್ತು. ದಿಬ್ಬಣದವರ ಹೆಜ್ಜೆ ಹೊರೆ ಹೊತ್ತವರ ಹೆಜ್ಜೆಯಾಯಿತು. ಸೆವಿಲ್ ನಗರದಲ್ಲಿ ಈಸ್ಟರಿಗೆ ಮುಂಚಿನ ವಾರ ಕ್ರಿಸ್ತನ ಮತ್ತು ಮೇರಿಯ ಮೂರ್ತಿಗಳನ್ನು ಹೊತ್ತು ಮೆರವಣಿಗೆ ಸಾಗುತ್ತದೆ. ನಗಾರಿ ಮೊಳಗುತ್ತಿರುತ್ತದೆ, ಉಪ್ಪರಿಗೆಯಿಂದ ಯಾರೋ ಒಬ್ಬರು ಸಾಯೇಟಾ ಎಂಬ ಶೋಕಗೀತವನ್ನು ಎತ್ತಿ ಹಾಡುತ್ತಾರೆ. ಈ ಸೊನಾಟಾದಲ್ಲಿ ಅದರ ನೆನಪಿದೆಯೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಡಿ ಮೇಜರ್ ಶ್ರುತಿಯೇ ಇದೆ, ಹರ್ಷವಿಲ್ಲ. ನಡೆಯನ್ನು ಕುರಿತು ಇಲ್ಲಿರುವ ಸೂಚನೆ ಒಂದೇ ಒಂದು ಪದ: ಕಾಂಟಾಬಿಲೆ, ಹಾಡುವಂತೆ. ಹಾಡಲಾರದ ವಾದ್ಯಕ್ಕೆ ಹಾಡೆಂಬ ಆಜ್ಞೆ! ಲಯವನ್ನು ಅಳೆದು ತೋರುವ ಮೆಟ್ರೊನೋಮ್ ಯಂತ್ರ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ಎಷ್ಟು ನಿಧಾನವೆಂಬುದು ನುಡಿಸುವವರ ವಿವೇಕಕ್ಕೆ ಬಿಟ್ಟದ್ದು. ನಾದವನ್ನು ಹಿಗ್ಗಿಸಲು ಕುಗ್ಗಿಸಲು ಬೆರಳಿಗೆ ಅಧಿಕಾರವಿಲ್ಲದ ಕಡೆ, ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಮುಂದಿನದನ್ನು ಎಷ್ಟು ತಡೆಯಬೇಕು ಎಂಬುದರಲ್ಲಿಯೇ ರಸವೆಲ್ಲ ಅಡಗಿದೆ.

ಸಿ.ಡಿ.ಯಲ್ಲಿ ಇನ್ನೊಂದು ಸದ್ದು ಕೇಳಿಸಿತು. ಕ್ಯಾಸೆಟ್ಟಿನ ಗೊರಗೊರದಲ್ಲಿ ಅದು ಮುಚ್ಚಿಹೋಗಿತ್ತು. ಈ ಮುದ್ರಣ ನಡೆದದ್ದು 1940ರಲ್ಲಿ, ಪ್ಯಾರಿಸ್ಸಿನಲ್ಲಿ. ಯುದ್ಧದ ಕಾಲ. ವಾದನದ ನಡುವೆ ದೂರದಲ್ಲಿ ವಿಮಾನಗಳನ್ನು ಹೊಡೆದುರುಳಿಸುವ ತೋಪುಗಳು ಗುಡುಗುತ್ತವೆ. ಲಾಂಡೋವ್‌ಸ್ಕಾ ನಿಲ್ಲಿಸುವುದಿಲ್ಲ. ಎಡಗೈಯ ನಗಾರಿ ಅದೇ ಕಾಲಪ್ರಮಾಣದಲ್ಲಿ ನಡೆಯುತ್ತದೆ. ತೋಪಿನ ಸದ್ದಿಗೆ ಹೆದರಿ ಓಡುವುದಿಲ್ಲ. ವಾರ್ಸಾದಲ್ಲಿ 1879ರಲ್ಲಿ ಹುಟ್ಟಿದ ಈ ಯಹೂದಿ ಮಹಿಳೆಗೆ ಅರವತ್ತು ದಾಟಿತ್ತು. ಆಕೆ ನುಡಿಸಿದ್ದು ಕಬ್ಬಿಣದ ಚೌಕಟ್ಟಿನ ಭಾರಿ ಪ್ಲೆಯೆಲ್ ವಾದ್ಯವನ್ನು. ಸ್ಕಾರ್ಲಾಟ್ಟಿಯ ಕಾಲದ ವಾದ್ಯ ಅದಲ್ಲವೆಂದು ಈಚಿನವರು ಆಕ್ಷೇಪಿಸುತ್ತಾರೆ. ಆಕ್ಷೇಪ ನ್ಯಾಯವೇ. ನನಗೆ ಮಾತ್ರ ಅದು ಆ ಹೊತ್ತಿನಲ್ಲಿ ಮುಖ್ಯವೆನಿಸಲಿಲ್ಲ. ಅದೇ ವರ್ಷದ ಜೂನಿನಲ್ಲಿ ಪ್ಯಾರಿಸ್ ಜರ್ಮನರ ವಶವಾಯಿತು. ಆಕೆ ಮನೆಯನ್ನು ತೊರೆದು ಹೊರಟರು. ಬಿಟ್ಟುಹೋದ ವಾದ್ಯಗಳನ್ನೂ ಗ್ರಂಥಭಂಡಾರವನ್ನೂ ನಾಟ್ಸಿಗಳು ದೋಚಿದರು. ಮುಂದೆ ಅಮೆರಿಕದಲ್ಲಿ ನೆಲೆಸಿ ಅಲ್ಲಿಯೇ 1959ರಲ್ಲಿ ಕಣ್ಮುಚ್ಚಿದರು.

ನನ್ನ ಸ್ನೇಹಿತರಿಗೆ ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಕ್ಯಾಸೆಟ್ ಇನ್ನೂ ನನ್ನಲ್ಲಿಯೇ ಇದೆ. ಅದರ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ಕೃತಿಯ ಸಂಖ್ಯೆ, ಶ್ರುತಿ, ಕೆಳಗೆ ಸಣ್ಣದಾಗಿ 'ನಿಧಾನವಾಗಿ ಕೇಳುವುದು' ಎಂದು ಬರೆದಿದೆ.