ಪ್ರಯೋಗಶಾಲೆಯನ್ನು ಬದಲಿಸುವ ಮುನ್ನ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದನ್ನು ನೀವೆಲ್ಲ ಬಲ್ಲಿರಿ. ಅದನ್ನು ಕಂಡು ಕೈಮುಗಿದು ಮುಂದೆ ಹೋಗುವವರು ಬಹಳ ಮಂದಿ; "ಅದೇಕೆ ಹಾಗೆ?" ಎಂದು ನಿಂತು ಕೇಳುವ ಮಕ್ಕಳು ಕೆಲವರು. ಹಾಗೆ ಕೇಳಿದವರಲ್ಲಿ ಒಬ್ಬಿಬ್ಬರು ಮುಂದೆ ವಿಜ್ಞಾನ ಓದಿ, ಸಂಡೂರಿನ ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಿಂದಲೋ ಬೆಂಗಳೂರಿನ ಕಾಲೇಜುಗಳಿಂದಲೋ ಸಂಶೋಧನೆಗೆ ಸೇರುತ್ತಾರೆ. ಮನೆಯವರಿಗೆ ಹೆಮ್ಮೆ.

ಆದರೆ ವರ್ಷ ತುಂಬುವ ಮೊದಲೇ ಮಗನಿಂದಲೋ ಮಗಳಿಂದಲೋ ಒಂದು ಮಾತು ಬರುತ್ತದೆ: "ಈ ಪ್ರಯೋಗಶಾಲೆ ನನಗೆ ಒಗ್ಗುತ್ತಿಲ್ಲ. ಬೇರೆಡೆಗೆ ಹೋಗಲೆ?" ತಂದೆ, "ಹಿಡಿದ ಕೆಲಸ ನಡುವೆ ಬಿಡಬಾರದು" ಎನ್ನುತ್ತಾರೆ. ತಾಯಿ, "ಅಷ್ಟು ಕಷ್ಟವಾದರೆ ಮನೆಗೇ ಬಂದುಬಿಡು" ಎನ್ನುತ್ತಾರೆ. ಎರಡೂ ಅಕ್ಕರೆಯ ಮಾತುಗಳೇ. ಆದರೆ ಆ ಮಗುವನ್ನು ಅಷ್ಟು ದೂರ ಕರೆದೊಯ್ದ ಪ್ರಶ್ನೆ ಈಗ ಏನಾಗಿದೆ ಎಂದು ಇಬ್ಬರೂ ಕೇಳುವುದಿಲ್ಲ.

1942ರಲ್ಲಿ ಜಿ. ಎನ್. ರಾಮಚಂದ್ರನ್ ಎಂಬ ತರುಣರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ತಮ್ಮ ಒಲವು ಭೌತವಿಜ್ಞಾನದ ಕಡೆಗೆಂದು ಬೇಗನೆ ಮನಗಂಡು, ಸರ್ ಸಿ. ವಿ. ರಾಮನ್ನರ ವಿಭಾಗಕ್ಕೆ ಬಂದರು. ಬಿಟ್ಟ ವಿಭಾಗ ಕೆಟ್ಟದ್ದೆಂದಲ್ಲ; ಅವರ ಪ್ರಶ್ನೆ ಅಲ್ಲಿರಲಿಲ್ಲ. ಅವರೇ ಮುಂದೆ ಮದರಾಸಿನಲ್ಲಿ 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ, ನಮ್ಮ ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿಗೆ ಮೂರೆಳೆಯ ರಚನೆಯನ್ನು ಸೂಚಿಸಿದರು. ರಾಮನ್ನರ ಬಳಿ ಸ್ಫಟಿಕ ಮತ್ತು ಬೆಳಕಿನ ಅಧ್ಯಯನದಲ್ಲಿ ಪಳಗಿದ ಬುದ್ಧಿ ಅಲ್ಲಿಯೂ ಒದಗಿ ಬಂತು. ಕಲಿತದ್ದು ಕಲಿತವನ ಜೊತೆಯಲ್ಲೇ ಬರುತ್ತದೆ.

ಬದಲಾವಣೆ ಎಲ್ಲರಿಗೂ ಬಯಸಿ ಬರುವುದಿಲ್ಲ. ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, 1933ರಲ್ಲಿ ಇದೇ ಮಂದಿರದಲ್ಲಿ ಪ್ರವೇಶ ಪಡೆಯಲು ಹೆಣ್ಣೆಂಬ ಕಾರಣದಿಂದಲೇ ಹೋರಾಡಬೇಕಾಯಿತು. ಬಳಿಕ ಕೇಂಬ್ರಿಜ್ಜಿನಲ್ಲಿ ಅವರು ಡೆರೆಕ್ ರಿಕ್ಟರ್ ಅವರ ಬಳಿ ಕೆಲಸ ಮಾಡುತ್ತಿರುವಾಗ ಆ ಮಾರ್ಗದರ್ಶಕರು ಬೇರೆಡೆಗೆ ಹೊರಟುಹೋದರು. ಕಮಲಾ ಅವರು ರಾಬಿನ್ ಹಿಲ್ ಅವರೊಡನೆ ಸಸ್ಯಗಳ ಮೇಲೆ ಕೆಲಸ ಮುಂದುವರಿಸಿ, ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಕೋಶಗಳಲ್ಲಿಯೂ ಇದೆಯೆಂದು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು.

ಹಾಗಾದರೆ ಹೋಗಬೇಕೆ, ಇರಬೇಕೆ? ಮೊದಲು ತಿಳಿಯಬೇಕಾದದ್ದು ಇಷ್ಟು: ಈ ಹುಡುಗ ಒಂದನ್ನು ಬಿಟ್ಟು ಓಡುತ್ತಿದ್ದಾನೆಯೋ, ಇನ್ನೊಂದನ್ನು ಅರಸಿ ಹೊರಟಿದ್ದಾನೆಯೋ? ಪ್ರಯೋಗ ನಾಲ್ಕು ಸಲ ಕೆಟ್ಟಿತೆಂಬ ಬೇಸರ ಯಾವ ಪ್ರಯೋಗಶಾಲೆಗೆ ಹೋದರೂ ಬೆನ್ನು ಬಿಡದು. ಪಕ್ಕದ ಶಾಲೆಯ ಹೊಸ ಯಂತ್ರದ ಮೋಹವೂ ಆರು ತಿಂಗಳಿಗೆ ತೀರುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಅಲ್ಲಿ ಬೆಲೆಯೇ ಇಲ್ಲದಿದ್ದರೆ, ಅಥವಾ ದಿನವೂ ಅವಮಾನ ನುಂಗಬೇಕಾಗಿದ್ದರೆ, ಅಲ್ಲಿಯೇ ಇರುವುದು ತಾಳ್ಮೆಯಲ್ಲ.

ಇನ್ನು ಕಾಲದ ಮಾತು. ಕಂಪ್ಲಿಯ ಕಡೆ ಭತ್ತದ ನಾಟಿ ಮಾಡುವವರನ್ನು ಕೇಳಿ ನೋಡಿ. ಸಸಿ ಮಡಿಯಲ್ಲೇ ಬಲಿತುಹೋದರೆ, ಆಮೇಲೆ ಎಷ್ಟು ಒಳ್ಳೆಯ ಗದ್ದೆಯಲ್ಲಿ ನೆಟ್ಟರೂ ಚೆನ್ನಾಗಿ ತೆಂಡೆ ಒಡೆಯುವುದಿಲ್ಲ. ಗದ್ದೆ ಹದವಾಗುವ ಮೊದಲೇ ಕಿತ್ತರೆ ಬದುವಿನ ಮೇಲೆ ಬಾಡುತ್ತದೆ. ಸಂಶೋಧನೆಯ ಲೆಕ್ಕವೂ ಹಾಗೆಯೇ. ಶಿಷ್ಯವೇತನ ಸಾಮಾನ್ಯವಾಗಿ ಮೊದಲು 2 ವರ್ಷ, ಆಮೇಲೆ 3 ವರ್ಷ, ಒಟ್ಟು 5. ಅನುದಾನ ಆಯೋಗದ 2022ರ ನಿಯಮಗಳು ಪಿಎಚ್.ಡಿ.ಗೆ ಕೊಡುವುದು ಕನಿಷ್ಠ 3, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮೊದಲ ವರ್ಷದಲ್ಲಿ ಬದಲಿಸಿದರೆ ನಷ್ಟ ಕಡಿಮೆ. ನಾಲ್ಕನೆಯ ವರ್ಷದಲ್ಲಿ ಬದಲಿಸುವವರು ಎರಡು ಸಲ ಯೋಚಿಸಬೇಕು. ಮದುವೆಯಿಂದಲೋ ಬೇರೆ ಕಾರಣದಿಂದಲೋ ಊರು ಬದಲಿಸುವ ಹೆಣ್ಣುಮಕ್ಕಳು, ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು, ತಮ್ಮ ಸಂಶೋಧನೆಯ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಇದನ್ನು ಅತ್ತೆಮಾವಂದಿರೂ ತಿಳಿದಿರುವುದು ಒಳ್ಳೆಯದು.

ಹೊರಡುವುದೇ ನಿಶ್ಚಯವಾದರೆ, ಹೊಸ ಕಡೆಯ ಹಿರಿಯ ವಿದ್ಯಾರ್ಥಿಗಳನ್ನು ಕಂಡು ಅಲ್ಲಿನ ನಡೆನುಡಿಯನ್ನು ವಿಚಾರಿಸಲಿ. ಅಲ್ಲಿ ಜಾಗ ಗಟ್ಟಿಯಾದ ಮೇಲೆ ಹಳೆಯ ಗುರುಗಳಿಗೆ ತಾನೇ ಹೋಗಿ ತಿಳಿಸಲಿ. ಇನ್ನೊಬ್ಬರ ಬಾಯಿಂದ ಅವರ ಕಿವಿಗೆ ಬೀಳಬಾರದು. ಪ್ರಯೋಗದ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಒಪ್ಪಿಸಿ, ಋಣವನ್ನು ನೆನೆದು ಬರಲಿ.

ತಂದೆತಾಯಿಗಳೆ, ಮುಂದಿನ ಸಲ ಮಗು ಮಾತಾಡಿದಾಗ ಪದವಿ ಯಾವಾಗ ಮುಗಿಯುತ್ತದೆ ಎಂದು ಕೇಳುವ ಮೊದಲು, "ಈಗ ಯಾವುದರ ಹಿಂದೆ ಬಿದ್ದಿದ್ದೀಯಪ್ಪ?" ಎಂದು ಕೇಳಿ ನೋಡಿ. ಉತ್ತರ ಹೇಳುವಾಗ ದನಿಯಲ್ಲಿ ಉತ್ಸಾಹ ತುಂಬಿ ಬಂದರೆ, ಇರುವುದೋ ಹೋಗುವುದೋ ಎಂಬುದನ್ನು ಅವನೇ, ಅವಳೇ ತೀರ್ಮಾನಿಸಬಲ್ಲರು. ನಾವು ಜೊತೆಗಿದ್ದರೆ ಸಾಕು.